ಬೈತಲೆ

ನರ್ಸ್ ಕೂದಲು ತೆಗೆಯುವ ಮಷೀನನ್ನು ಪ್ಲಗ್ಗಿಗೆ ಸಿಕ್ಕಿಸಿದ್ದಳು, ಸ್ವಿಚ್ ಮಾತ್ರ ಒತ್ತಿರಲಿಲ್ಲ. ಮಂಚದ ಮೇಲೆ ಬೆನ್ನು ನೆಟ್ಟಗೆ ಮಾಡಿ ಕುಳಿತಿದ್ದ ಅತ್ತೆ ಅದರ ಕಡೆ ತಿರುಗಲೂ ಇಲ್ಲ. ತಿರುಗಿದ್ದರೂ ಅವರಿಗೆ ಕಾಣುತ್ತಿದ್ದುದು ಅಷ್ಟರಲ್ಲೇ ಇತ್ತು. ಬುರುಡೆಯೊಳಗೆ ಬಲಗಡೆ ಬೆಳೆದ ಗಡ್ಡೆ ಕಣ್ಣಿನ ನರವನ್ನು ಅದುಮುತ್ತಿತ್ತು. ಒಂಬತ್ತಕ್ಕೆ ಆಪರೇಷನ್. ಇದು ತಪ್ಪಿದರೆ ಇದ್ದಬದ್ದ ನೋಟವೂ ತಿಂಗಳೊಪ್ಪತ್ತಿನಲ್ಲಿ ಹೋಗುತ್ತದೆ ಎಂದು ಸರ್ಜನ್ ಹೇಳಿಯಾಗಿತ್ತು.

"ಕೂದಲು ತೆಗೀದೆ ಮಾಡೋದಾದ್ರೆ ಮಾಡಿ, ಸಿಸ್ಟರ್," ಎಂದರು ಅತ್ತೆ. "ಇಲ್ಲಾಂದ್ರೆ ಮನೆಗೆ ಹೋಗ್ತೀನಿ. ಕಣ್ಣಿಲ್ಲದೆ ಹೇಗೋ ಬದುಕ್ತೀನಿ."

ಅವರ ಮಗ ಎರಡು ದಿನ ವಾದ ಮಾಡಿ ಸೋತು, ಈಗ ಹೊರಗೆ ಬೆಂಚಿನ ಮೇಲೆ ಕುಳಿತಿದ್ದ. ಸಿಖ್ ಧರ್ಮದ ದೇವರೇನು ಕೂದಲು ಎಣಿಸುತ್ತಾ ಕೂತಿರುತ್ತಾನಾ ಎಂದೂ ಕೇಳಿ ನೋಡಿದ್ದ. ಅವನು ಎಣಿಸುವುದಿಲ್ಲ, ಮಾತು ಕೊಟ್ಟವಳು ನಾನು ಎಂದಿದ್ದರು ಅತ್ತೆ. ಒಂದು ಕೂದಲನ್ನೂ ಕತ್ತರಿಸುವುದಿಲ್ಲವೆಂದು ಇಪ್ಪತ್ತರ ವಯಸ್ಸಿನಲ್ಲಿ ಗುರುದ್ವಾರದಲ್ಲಿ ದೀಕ್ಷೆ ತೆಗೆದುಕೊಂಡಾಗ ಕೊಟ್ಟ ಮಾತು ಅದು.

ಕೊನೆಗೆ ಸರ್ಜನ್ ಒಂದು ದಾರಿ ಹೇಳಿದ್ದರು. ಬಲಗಿವಿಯ ಮೇಲಿಂದ ಬಾಗಿ ಹಣೆಯ ನಡುವಿಗೆ ಬರುವ ಗೆರೆಯನ್ನು ಕಾಗದದ ಮೇಲೆ ಬರೆದು, ಈ ಗೆರೆಯುದ್ದಕ್ಕೂ ಬೈತಲೆ ತೆಗೆದು ಎರಡೂ ಕಡೆ ಕೂದಲನ್ನು ಬಿಗಿಯಾಗಿ ಹೆಣೆದುಬಿಡಿ, ಒಂದೆಳೆಯೂ ಅಡ್ಡ ಬೀಳಬಾರದು, ಎಂಟಕ್ಕೆ ಬಂದು ನೋಡುತ್ತೇನೆ, ಸರಿಯಿಲ್ಲದಿದ್ದರೆ ಮಷೀನೇ ಗತಿ ಎಂದಿದ್ದರು. ಆಗ ಎಲ್ಲರ ಕಣ್ಣು ಹೋಗಿದ್ದು ಸೊಸೆಯ ಕಡೆಗೆ. ಅವಳು ಹದಿನೆಂಟು ವರ್ಷದಿಂದ ಬಟ್ಟೆ ಹೊಲಿಯುವವಳು, ಸೀಮೆಸುಣ್ಣದ ಗೆರೆ ಬಿಟ್ಟು ಆಚೀಚೆ ಹೋದವಳಲ್ಲ.

ಹೂಂ ಎಂದಾಗಿನಿಂದ ಅವಳಿಗೆ ಒಂದೇ ಭಯ. ತಾನು ದೀಕ್ಷೆ ತೆಗೆದುಕೊಂಡವಳಲ್ಲ. ಎರಡು ಮೂರು ತಿಂಗಳಿಗೊಮ್ಮೆ ಅಂಗಡಿಯ ಕನ್ನಡಿಯೆದುರು ನಿಂತು ಮುಂಗೂದಲಿಗೆ ಕತ್ತರಿ ಹಾಕಿ, ದುಪಟ್ಟಾವನ್ನು ಹಣೆಗೆ ಎಳೆದುಕೊಂಡು ಮನೆಗೆ ಬರುವವಳು. ಇಂಥ ಕೈ ಈ ಕೆಲಸಕ್ಕೆ ಒದಗುತ್ತದೆಯೇ?

ಅತ್ತೆ ತುರುಬಿಗೆ ಕೈ ಹಾಕಿ, ಅದರೊಳಗಿದ್ದ ಪುಟ್ಟ ಮರದ ಬಾಚಣಿಗೆಯನ್ನು ತೆಗೆದು ಅವಳಿಗೆ ಕೊಟ್ಟರು. ತುರುಬು ಬಿಚ್ಚಿಕೊಂಡಿತು.

ಒಂದೇ ಸೂರಿನಡಿ ಹದಿನಾಲ್ಕು ವರ್ಷ ಕಳೆದಿದ್ದರೂ ಸೊಸೆ ಇದನ್ನು ನೋಡಿರಲಿಲ್ಲ. ಮನೆಯವರು ಏಳುವಷ್ಟರಲ್ಲಿ ಅತ್ತೆಯ ಸ್ನಾನ, ತುರುಬು ಎಲ್ಲ ಮುಗಿದಿರುತ್ತಿತ್ತು. ಈಗ ಆ ಕೂದಲು ಬೆನ್ನಿನ ಮೇಲೆ ಇಳಿಯಿತು, ಸೊಂಟ ದಾಟಿತು, ಹಾಸಿಗೆಯ ಮೇಲೆ ಹರಡಿ ಮಂಚದ ಅಂಚಿನಿಂದ ಕೆಳಗೆ ಇಳಿಬಿತ್ತು. ಬುಡದಲ್ಲಿ ಬೆಳ್ಳಗೆ, ನಡುವೆ ಬೂದಿ ಬಣ್ಣ, ತುದಿಯಲ್ಲಿ ಇನ್ನೂ ಉಳಿದ ಕಪ್ಪು. ಆ ಕಪ್ಪು ಮಾವ ಬದುಕಿದ್ದ ಕಾಲದ್ದು. ಅವಳು ತುದಿಯನ್ನು ಅಂಗೈಗೆ ತೆಗೆದುಕೊಂಡು ನೋಡಿದಳು. ಎಳೆಗಳು ತೆಳ್ಳಗಾಗುತ್ತಾ ಆಗುತ್ತಾ ಕಣ್ಣಿಗೆ ಕಾಣದಂತೆ ಮುಗಿದುಹೋಗಿದ್ದವು. ಅವಳು ಈವರೆಗೆ ಮುಟ್ಟಿದ ಬಟ್ಟೆಗೆಲ್ಲ ಯಾರೋ ಕತ್ತರಿಸಿದ ಅಂಚೊಂದು ಇದ್ದೇ ಇತ್ತು. ಇದಕ್ಕೆ ಇರಲಿಲ್ಲ.

"ಏನೇ, ಉಸಿರೇ ಕೇಳಿಸ್ತಿಲ್ಲ," ಎಂದರು ಅತ್ತೆ. "ಶುರು ಮಾಡು. ಗಿರಾಕಿ ಕಾಯ್ತಿದಾರೆ."

ನರ್ಸ್ ರಬ್ಬರ್ ಬ್ಯಾಂಡ್ ತಂದಿದ್ದಳು. ಬಿಚ್ಚುವಾಗ ಅವು ಕೂದಲನ್ನು ಕಿತ್ತುಕೊಂಡು ಬರುತ್ತವೆ ಎಂದು ಸೊಸೆ ದಾರ ಕೇಳಿ ತರಿಸಿಕೊಂಡಳು. ದಾರದ ಜೊತೆ ಸಣ್ಣ ಕತ್ತರಿಯೂ ಬಂತು. ಮರದ ಬಾಚಣಿಗೆಯ ಮೂಲೆಯಿಂದ ಕಿವಿಯ ಮೇಲಿಂದ ಗೆರೆ ಎಳೆದಳು. ನರೆತ ಕೂದಲ ನಡುವೆ ಎಂದೂ ಬಿಸಿಲು ಕಾಣದ ಚರ್ಮ ತೆರೆದುಕೊಂಡಿತು. ಸ್ವಲ್ಪ ಸ್ವಲ್ಪವೇ ಕೂದಲು ಸೇರಿಸಿ ಹೆಣೆಯುವುದು, ದಾರ ಸುತ್ತುವುದು, ಗಂಟು ಹಾಕುವುದು, ಉಳಿದ ದಾರ ಕತ್ತರಿಸುವುದು. ಕೈಗೆ ಲಯ ಸಿಕ್ಕಿತು. ಒಂಬತ್ತನೆಯ ಜಡೆಗೆ ಬಂದಾಗ ಭಯ ಕೂಡ ಮರೆತುಹೋಗಿತ್ತು. ಮರೆತದ್ದೇ ತಪ್ಪಾಯಿತು.

ಹೊಲಿಗೆ ಮುಗಿದ ಮೇಲೆ ಎದ್ದು ನಿಂತ ಎಳೆಯನ್ನೆಲ್ಲ ಕತ್ತರಿಸಿ ಒಪ್ಪ ಮಾಡುವುದು ಹದಿನೆಂಟು ವರ್ಷದ ರೂಢಿ. ಕೈ ತನ್ನಷ್ಟಕ್ಕೆ ತಾನೇ ಅದನ್ನೇ ಮಾಡಿತು. ಅಂಗೈಯಲ್ಲಿ ದಾರದ ತುಂಡಿನ ಜೊತೆ ಬೆರಳುದ್ದದ ಒಂದು ಬಿಳಿ ಕೂದಲು.

ನರ್ಸ್ ಕಿಟಕಿಯ ಬಳಿ ಏನೋ ಬರೆಯುತ್ತಿದ್ದಳು. ಅತ್ತೆಗೆ ಕಾಣುವಂತಿರಲಿಲ್ಲ. ಮುಷ್ಟಿ ಮುಚ್ಚಿದರೆ ಮುಗಿಯಿತು. ಹೇಳಿದರೆ, ನಲವತ್ತೈದು ವರ್ಷ ಕಾಯ್ದದ್ದು ಸೊಸೆಯ ಕೈಯಲ್ಲಿ ಹೋಯಿತೆಂದು ಅವರು ಎದ್ದು ಮನೆಗೆ ಹೊರಟುಬಿಟ್ಟರೆ? ಕಣ್ಣು ಹೋದರೆ? ಗಂಡನ ಮುಖ ನೆನಪಾಯಿತು. ಆದರೆ ಕೈಯಲ್ಲಿದ್ದ ಆ ಕೂದಲ ರಾಶಿಯೆದುರು ಸುಳ್ಳು ನಿಲ್ಲುವಂತಿರಲಿಲ್ಲ.

"ಅತ್ತೆ, ಒಂದು ಕೂದಲು ಕತ್ತರಿಸಿಬಿಟ್ಟೆ. ದಾರದ ಜೊತೆ."

ನರ್ಸಿನ ಪೆನ್ನು ನಿಂತಿತು. ಅತ್ತೆ ಕೈ ಚಾಚಿದರು. ಸೊಸೆ ಅದನ್ನು ಅಂಗೈಯಲ್ಲಿಟ್ಟಳು. ಅವರು ಹೆಬ್ಬೆರಳಿನಿಂದ ಸವರಿ, ಆ ತುದಿಯಿಂದ ಈ ತುದಿಗೆ ಅಳೆದು ನೋಡಿದರು.

"ಎಷ್ಟು ಜಡೆ ಆಯ್ತು?"

"ಒಂಬತ್ತು."

"ಕತ್ತರಿ ಸಿಸ್ಟರ್ ಕೈಗೆ ಕೊಡು. ಉಳಿದ ದಾರ ಹಲ್ಲಲ್ಲಿ ಕಡಿ. ನಿನ್ನ ಹಲ್ಲು ಗಟ್ಟಿ, ನಂಗೊತ್ತು." ಆ ಕೂದಲನ್ನು ಮುಷ್ಟಿಯಲ್ಲಿಟ್ಟುಕೊಂಡು ಹೇಳಿದರು: "ನನ್ನ ತಲೆ ನಿನ್ನ ಕೈಗೆ ಕೊಟ್ಟು ಇಷ್ಟೊತ್ತು ಒಂಚೂರು ಭಯ ಇತ್ತು ಕಣೇ. ಈಗಿಲ್ಲ."

ಹಲ್ಲು ತಾಗಿದರೂ ಪರವಾಗಿಲ್ಲ, ಹೇಗಿದ್ದರೂ ಔಷಧಿ ನೀರಲ್ಲಿ ತೊಳೆಯುತ್ತೇನೆ ಎಂದಳು ನರ್ಸ್, ಯಾರೂ ಕೇಳದಿದ್ದರೂ. ಮಿಕ್ಕ ಹದಿಮೂರು ಜಡೆಗಳನ್ನು ಸೊಸೆ ಮಸುಕಾದ ಕಣ್ಣಿನಲ್ಲೇ ಹೆಣೆದಳು. ಕೊನೆಗೆ ಎಲ್ಲವನ್ನೂ ಎರಡು ಉದ್ದ ಜಡೆಗಳಾಗಿ ಸೇರಿಸಿದಳು.

ಎಂಟಕ್ಕೆ ಬಂದ ಸರ್ಜನ್ ಬಗ್ಗಿ, ಕಿವಿಯಿಂದ ಹಣೆಯವರೆಗೆ ಆ ಗೆರೆಯನ್ನು ನೋಡಿದರು. ಮತ್ತೊಮ್ಮೆ ನೋಡಿದರು. ಹೋಗಿ ತಾವೇ ಮಷೀನಿನ ಪ್ಲಗ್ ಕಿತ್ತರು.

ಮಧ್ಯಾಹ್ನ ಹೊರಗೆ ತಂದಾಗ ಅತ್ತೆಯ ತಲೆಗೆ ಬಿಳಿ ಪಟ್ಟಿ ಸುತ್ತಿತ್ತು, ಕಣ್ಣು ಮುಚ್ಚಿತ್ತು. ಗಡ್ಡೆ ಪೂರ್ತಿ ಹೊರಬಂದಿದೆ, ನೋಟದ ವಿಷಯ ನಾಳೆ ಗೊತ್ತಾಗುತ್ತದೆ ಎಂದರು ಸರ್ಜನ್. ಸ್ವಲ್ಪ ಹೊತ್ತಿಗೆ ಸೂಜಿ ಚುಚ್ಚಿದ್ದ ಅತ್ತೆಯ ಕೈ ಮೆಲ್ಲಗೆ ಎದ್ದು ತಲೆಯ ಕಡೆ ಹೊರಟಿತು. ಪಟ್ಟಿ ಮುಟ್ಟಬಾರದೆಂದು ಸೊಸೆ ಆ ಕೈ ಹಿಡಿದು, ಪಟ್ಟಿಯ ಕೆಳಗಿನಿಂದ ಎದೆಯ ಮೇಲೆ ಬಂದು ಮಲಗಿದ್ದ ಜಡೆಯ ಮೇಲೆ ಇಟ್ಟಳು. ಬೆರಳುಗಳು ಒಂದೊಂದೇ ಹೆಣಿಗೆ ದಾಟುತ್ತಾ ಕೆಳಗೆ ನಡೆದವು, ಸೊಂಟದವರೆಗೆ, ಆಮೇಲೆ ಅದಕ್ಕೂ ಕೆಳಗೆ, ಕೈ ನಿಲುಕುವವರೆಗೆ. ಸಲೈನ್ ಬಾಟಲಿ ತೂಗುಹಾಕಲು ಬಂದಿದ್ದ ನರ್ಸ್, ಅದನ್ನು ಎತ್ತಿ ಹಿಡಿದುಕೊಂಡೇ ನಿಂತಿದ್ದಳು.