ಟ್ಯಾಂಕಿನ ಬೀಗ

ಲಾರಿ ಕಣ್ಣಿಗೆ ಬೀಳುವ ಮೊದಲೇ ಅದರ ಕೆಮ್ಮು ಕೇಳಿಸಿತು. ಒಂದು ಉಸಿರು ಎಳೆಯುವುದು, ಡುಗ್ ಡುಗ್ ಎಂದು ಮುಗ್ಗರಿಸುವುದು, ಮತ್ತೆ ಎಳೆಯುವುದು. ಮೇಸ್ತ್ರಿ ಕೈಯಲ್ಲಿದ್ದ ಸ್ಪ್ಯಾನರನ್ನು ಬೆಂಚಿನ ಮೇಲೆ ಎಸೆದಳು.

"ಬಂತು ನೋಡು ಶನಿ."

ಒಂದೇ ತಿಂಗಳಲ್ಲಿ ಇದು ನಾಲ್ಕನೇ ಸಲ. ಅಪ್ಪ ಹೋದ ಮೇಲೆ ಗ್ಯಾರೇಜು ನಡೆಸುತ್ತಿದ್ದವಳು ಅವಳೇ. ಹೆಂಗಸು ಇಂಜಿನ್ ಬಿಚ್ಚುತ್ತಾಳಂತೆ ಎಂದು ಹಲ್ಲು ಕಿರಿದ ಡ್ರೈವರುಗಳೇ ಈಗ ಮೇಸ್ತ್ರಿ ಎಂದು ಕರೆದು ಸರದಿಯಲ್ಲಿ ನಿಲ್ಲುತ್ತಿದ್ದರು. ಹನ್ನೆರಡು ವರ್ಷದಲ್ಲಿ ಒಂದು ಗಾಡಿಯೂ ಅದೇ ಕಾಯಿಲೆ ಹೊತ್ತು ಎರಡನೇ ಸಲ ಬಂದದ್ದಿಲ್ಲ. ಈ ಲಾರಿ ಮಾತ್ರ ಬೀದಿಯಲ್ಲಿ ಅವಳ ಮಾನ ಹರಾಜು ಹಾಕುತ್ತಿತ್ತು. ಅದನ್ನು ಓಡಿಸುವವನು ಅವಳ ಒಡಹುಟ್ಟಿದ ತಮ್ಮ.

ತಮ್ಮ ಕೆಳಗೆ ಧುಮುಕಿ ಬಾಗಿಲನ್ನು ಧಡಾರನೆ ಹಾಕಿದ.

"ಮತ್ತೇನೋ?"

"ಅದೇ."

"ಅದೇ ಅಂದ್ರೆ?"

"ಅದೇ ಅಂದ್ರೆ ಅದೇ ಅಕ್ಕ. ನಿಂತಲ್ಲಿ ಗಡಿಯಾರದ ಹಾಗೆ ಓಡುತ್ತೆ. ಏರಲ್ಲಿ ಆಕ್ಸಿಲೇಟರ್ ಒತ್ತಿದ್ರೆ ಬಿಕ್ಕಳಿಸುತ್ತೆ. ಮೂರು ಸಲ ಹೇಳಾಯ್ತು. ಹಾಡು ಕಟ್ಟಿ ಹೇಳ್ಲಾ?"

"ಬಾಯಿ ಮುಚ್ಚು. ನಿಮ್ಮ ಯಜಮಾನ ಎಲ್ಲಿ?"

"ಜಿಗಣೆನಾ? ಬೈಕಲ್ಲಿ ಬರ್ತಿದಾನೆ, ಹೊಸ ಡ್ರೈವರನ್ನ ಹಿಂದೆ ಕೂರಿಸ್ಕೊಂಡು. ಇವತ್ತು ಕಾಯಿಲೆ ಸಿಗಲಿಲ್ಲ ಅಂದ್ರೆ ಸ್ಟೇರಿಂಗು ಅವನ ಕೈಗೆ, ಕಳ್ಳ ಅನ್ನೋ ಬಿರುದು ನನ್ನ ತಲೆಗೆ. ಲಾರಿ ಸ್ಟ್ಯಾಂಡಲ್ಲಿ ಅಷ್ಟೂ ಮಾಲೀಕರಿಗೆ ಹೇಳಿ ಬಂದಿದಾನೆ. ನಾಳೆಯಿಂದ ನಂಗೆ ಯಾರೂ ಕೈಗಾಡಿ ಕೂಡ ಕೊಡಲ್ಲ."

ಜಿಗಣೆ ಎಂದರೆ ಲಾರಿಯ ಯಜಮಾನ. ಹಿಡಿದದ್ದನ್ನು ಬಿಡದವನು ಎಂದು ಡ್ರೈವರುಗಳು ಇಟ್ಟ ಹೆಸರು. ತಮ್ಮ ಡೀಸೆಲ್ ಕದಿಯುತ್ತಾನೆ ಎಂಬ ಗುಮಾನಿ ಅವನನ್ನು ಹಿಡಿದು ಎರಡು ತಿಂಗಳಾಗಿತ್ತು. ಅದಕ್ಕೆಂದೇ ಟ್ಯಾಂಕಿನ ಹಳೆಯ ಮುಚ್ಚಳ ತೆಗೆಸಿ ಬೀಗದ ಮುಚ್ಚಳ ಹಾಕಿಸಿ, ಕೀಲಿಯನ್ನು ತನ್ನ ಸೊಂಟಕ್ಕೆ ಕಟ್ಟಿಕೊಂಡಿದ್ದ. ಡೀಸೆಲ್ ಹಾಕಿಸುವಾಗಲೂ ತಾನೇ ಬಂದು ತೆಗೆಯುತ್ತಿದ್ದ. ಬೀಗ ಬಿದ್ದ ಮೂರನೇ ದಿನಕ್ಕೆ ಲಾರಿ ಕೆಮ್ಮತೊಡಗಿತು. ಜಿಗಣೆಯ ಲೆಕ್ಕ ಸಲೀಸಾಗಿತ್ತು: ಮೇಲೆ ಬೀಗ ಹಾಕಿದರೆ ಇವನು ಕೆಳಗೆ ಪೈಪು ಬಿಚ್ಚಿ ಇಳಿಸುತ್ತಾನೆ, ಆ ಸಂದಿಯಲ್ಲಿ ಗಾಳಿ ಸೇರಿ ಇಂಜಿನ್ ಕೆಮ್ಮುತ್ತದೆ.

ಮೇಸ್ತ್ರಿಗೆ ಸಿಟ್ಟು ಬಂದದ್ದು ಆ ಮಾತು ಸುಳ್ಳೆಂದಲ್ಲ. ಪೈಪು ಬಿಚ್ಚಿದರೆ ಗಾಳಿ ಸೇರುತ್ತದೆ, ಗಾಳಿ ಸೇರಿದರೆ ಇಂಜಿನ್ ಕೆಮ್ಮುತ್ತದೆ. ಅದು ನಿಜ. ಹದಿನೇಳರ ವಯಸ್ಸಿನಲ್ಲಿ ಇದೇ ತಮ್ಮ ಇದೇ ಗ್ಯಾರೇಜಿನ ಡ್ರಮ್ಮಿನಿಂದ ಒಂದು ಕ್ಯಾನು ಡೀಸೆಲ್ ಎತ್ತಿ ಮಾರಿದ್ದ. ಅದೂ ನಿಜ. ಅಪ್ಪ ಬೆಲ್ಟಿನಲ್ಲಿ ಬಾರಿಸಿ ಮರೆತರು. ಅವಳು ಮರೆತಿರಲಿಲ್ಲ.

ಇನ್ನೊಂದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಆ ಬೀಗದ ಮುಚ್ಚಳ ಮಾಡಿಕೊಟ್ಟವಳು ಅವಳೇ. "ಗಾಳಿ ಕೂಡ ನುಸುಳಬಾರದು, ಹಾಗೆ ಮಾಡಿಕೊಡಮ್ಮ" ಎಂದಿದ್ದ ಜಿಗಣೆ. ಯಾರ ಕೈಗೆ ಬೀಗ ಎಂದು ಗೊತ್ತಿದ್ದೂ ಅವಳು ಬೇಡ ಎನ್ನಲಿಲ್ಲ. ಕದಿಯುತ್ತಿದ್ದರೆ ನಿಲ್ಲಲಿ, ಕದಿಯದಿದ್ದರೆ ಇವನಿಗೇನು ನಷ್ಟ ಎಂದುಕೊಂಡಳು. ಅಳತೆ ತೆಗೆದು, ದಪ್ಪ ತಗಡು ಕತ್ತರಿಸಿ, ಕೊಂಡಿ ಬೆಸೆದು, ಒಳಗೆ ರಬ್ಬರಿನ ವಾಷರು ಕೂರಿಸಿ, ಕೆಲಸ ಮುಗಿದಾಗ ತನ್ನ ಕೈಗೆ ತಾನೇ ಶಹಬ್ಬಾಸ್ ಎಂದಿದ್ದಳು.

ಹಿಂದಿನ ಮೂರು ಸಲವೂ ಜಿಗಣೆ ಲಾರಿಯಲ್ಲೇ ಕೂತು ಬಂದಿದ್ದ. ಮೂರು ಸಲವೂ ಅವಳು ಮೊದಲು ಮಾಡಿದ್ದು ಒಂದೇ ಕೆಲಸ. ಯಾವ ಗಾಡಿ ಬರಲಿ, ಮೊದಲು ಟ್ಯಾಂಕು ತೆಗೆದು ಮೂಸಿ ನೋಡು, ಆಮೇಲೆ ಸ್ಪ್ಯಾನರು ಮುಟ್ಟು. ಇದು ಅಪ್ಪ ಕಲಿಸಿದ ಪಾಠ. ಸೀಮೆಎಣ್ಣೆಯೋ ನೀರೋ ಬೆರೆತಿದ್ದರೆ ಮೂಗಿಗೇ ಗೊತ್ತಾಗುತ್ತದೆ. ಜಿಗಣೆಯಿಂದ ಬೀಗ ತೆಗೆಸಿ, ಪಕ್ಕದಲ್ಲಿ ಬೇರೆ ಇಂಜಿನ್ ಗುಡುಗುತ್ತಿರುವಾಗಲೇ ಮೂಸಿ, ಫಿಲ್ಟರು ಬದಲಿಸಿ, ಪಂಪು ಬಿಚ್ಚಿ ತೊಳೆದು ಏರಿಗೆ ಓಡಿಸಿ ನೋಡಿದರೆ ಲಾರಿ ಕುದುರೆ. ಎರಡು ದಿನ ಕಳೆದರೆ ಮತ್ತೆ ಕತ್ತೆ. "ನೋಡಮ್ಮ, ನಿನ್ನ ಹತ್ರ ಬಂದ್ರೆ ಸರಿ ಹೋಗುತ್ತೆ, ಇವನ ಕೈಗೆ ಹೋದ್ರೆ ಕೆಡುತ್ತೆ. ಕಾಯಿಲೆ ಗಾಡೀದಾ, ಕೈದಾ?" ಎಂದಿದ್ದ ಜಿಗಣೆ.

ಫೋನು ಬಂತು. ಬೈಕಿನ ಟ್ಯೂಬು ಒಡೆದಿದೆ, ಅರ್ಧ ಗಂಟೆ ತಡ ಎಂದ ಜಿಗಣೆ.

"ಕೀಲಿ ಇಲ್ಲ, ಕಾಯೋಣ," ಎಂದು ತಮ್ಮ ಟೈರಿನ ಮೇಲೆ ಕುಕ್ಕರಿಸಿದ. "ಕೂತ್ಕೋ. ನನ್ನ ಮರ್ಯಾದೆಗೆ ಅರ್ಧ ಗಂಟೆ ಆಯಸ್ಸು ಇದೆ."

"ನಿನ್ನ ಮರ್ಯಾದೆ ಹಾಳಾಗ್ಲಿ, ನನ್ನ ಗ್ಯಾರೇಜಿಂದು ಹೋಗ್ತಿದೆ. ಗಾಡಿ ಹತ್ತು. ಮೂಸಿದ್ದು ಸಾಕು."

ಸಿಮೆಂಟಿನ ಲೋಡು ಹಾಗೇ ಇತ್ತು. ತಮ್ಮ ಎರಡನೇ ಗೇರಿನಲ್ಲಿ ಗ್ಯಾರೇಜಿನಾಚೆಯ ಏರಿಗೆ ಬಿಟ್ಟ. ಅರ್ಧ ಏರುವಷ್ಟರಲ್ಲಿ ಇಂಜಿನ್ ಬಿಕ್ಕಿತು. ಆಕ್ಸಿಲೇಟರ್ ಒತ್ತಿದಷ್ಟೂ ಸೊರಗಿತು. ಆ ಕಾಯಿಲೆಯನ್ನು ಸೀಟಿನಲ್ಲಿ ಕೂತು ಅನುಭವಿಸಿದ್ದು ಅವಳಿಗೆ ಅದೇ ಮೊದಲು.

"ನಿಲ್ಲಿಸು!"

ಚಕ್ರಕ್ಕೆ ಕಲ್ಲು ಕೊಟ್ಟು, ಟ್ಯಾಂಕಿನಿಂದ ಪಂಪಿಗೆ ಬರುವ ಪೈಪಿನ ನಟ್ಟು ಬಿಚ್ಚಿದಳು. ಡೀಸೆಲ್ ಒಂದು ತೊಟ್ಟೂ ಚೆಲ್ಲಲಿಲ್ಲ. ಗಾಳಿ ಸೇರಿದ್ದರೆ ಬರಬೇಕಾಗಿದ್ದ ನೊರೆಯೂ ಇರಲಿಲ್ಲ. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದಳು. ಪೈಪು ಬೆರಳನ್ನು ಒಳಕ್ಕೆ ಎಳೆಯಿತು, ಹಸಿದ ಕರು ಎಳೆದ ಹಾಗೆ.

ನಟ್ಟನ್ನು ಗಬಕ್ಕನೆ ಬಿಗಿದು ಟ್ಯಾಂಕಿನ ಹತ್ತಿರ ಬಂದಳು. ಟ್ಯಾಂಕಿನ ಹೊಟ್ಟೆ ಒಂದು ತಟ್ಟೆಯಷ್ಟಗಲ ಒಳಕ್ಕೆ ಹೋಗಿತ್ತು.

"ಇದು ಎಲ್ಲಿ ಗುದ್ದಿದೆ?"

"ಗುದ್ದಿಲ್ಲ ಅಂತ ಹೋದ ವಾರಾನೂ ಹೇಳ್ದೆ. ನೀನು, ಕುಡಿದು ಓಡಿಸ್ತೀಯ ಅಂದೆ."

ಅಂದದ್ದು ಹೌದು. ಅವಳಿಗೆ ತನ್ನ ಮೇಲೇ ಸಿಟ್ಟು ಉಕ್ಕಿತು. ಆ ಸಿಟ್ಟಿಗೆ ಒದೆಯಲು ಏನೂ ಸಿಗದೆ ಚಕ್ರಕ್ಕಿಟ್ಟ ಕಲ್ಲನ್ನೇ ಒದ್ದಳು. ಕಾಲು ನೊಂದಿತು.

ಅಷ್ಟರಲ್ಲಿ ಜಿಗಣೆ ಏರಿನಲ್ಲಿ ಬೈಕು ತಳ್ಳಿಸಿಕೊಂಡು ಬಂದ. ತಳ್ಳುತ್ತಿದ್ದವನು ಹೊಸ ಡ್ರೈವರು.

"ಏನಮ್ಮ, ಅರ್ಧದಲ್ಲೇ ಕೈ ಕೊಡ್ತಾ? ನಾನು ಹೇಳ್ಲಿಲ್ವಾ, ಇವನು..."

"ಯಜಮಾನ್ರೇ, ಮಾತು ಆಮೇಲೆ. ಬೀಗ ತೆಗೀರಿ."

"ಮೂಸೋದಕ್ಕಾ? ಮೂರು ಸಲ ಮೂಸಿ..."

"ತೆಗೀರಿ ಅಂದೆ!"

ಜಿಗಣೆ ಸೊಂಟದ ಕೀಲಿ ಹಾಕಿ ಮುಚ್ಚಳ ತಿರುಗಿಸಿದ. ಉಸ್ಸ್ಸ್ ಎಂದು ಟ್ಯಾಂಕು ಉದ್ದನೆಯ ಉಸಿರು ಎಳೆದುಕೊಂಡಿತು. ಮರುಕ್ಷಣ ಒಳಗೆ ಹೋಗಿದ್ದ ಹೊಟ್ಟೆ ಢಂ ಎಂದು ಹೊರಗೆ ಬಂತು. ಹೊಸ ಡ್ರೈವರು ಎರಡು ಹೆಜ್ಜೆ ಹಿಂದಕ್ಕೆ ಹಾರಿದ.

"ಕೇಳಿಸ್ತಾ? ಡೀಸೆಲ್ ಖಾಲಿ ಆದ ಜಾಗಕ್ಕೆ ಗಾಳಿ ಹೋಗ್ಬೇಕು. ಹಳೇ ಮುಚ್ಚಳದಲ್ಲಿ ಅದಕ್ಕೊಂದು ತೂತಿತ್ತು, ಇದರಲ್ಲಿ ಇಲ್ಲ. ಬಾಯಿ ಮೂಗು ಎರಡೂ ಕಟ್ಟಿ ಏರು ಹತ್ತು ಅಂದ್ರೆ ನೀವು ಹತ್ತುತೀರಾ? ನಿಧಾನ ಹೋದ್ರೆ ಹೇಗೋ ಎಳ್ಕೊಳ್ಳುತ್ತೆ, ಜೋರು ಮಾಡಿದ್ರೆ ಡೀಸೆಲ್ ಸಾಲಲ್ಲ, ಕೆಮ್ಮುತ್ತೆ. ಇಲ್ಲಿ ಬಂದಾಗೆಲ್ಲ ನಾವು ಮೊದಲು ಮುಚ್ಚಳಾನೇ ತೆಗೀತಿದ್ವಿ. ಕಾಯಿಲೆ ಅಲ್ಲೇ ಹೊರಟು ಹೋಗ್ತಿತ್ತು."

ಜಿಗಣೆ ಮುಚ್ಚಳ ಹೊರಳಿಸಿ ನೋಡಿದ. "ಇದನ್ನ ಮಾಡಿದ್ದು ನೀನೇ ಅಲ್ವೇನಮ್ಮ?"

"ನಾನೇ. ತಪ್ಪು ನನ್ನದೇ."

ಅವಳು ತಮ್ಮನ ಕಡೆ ನೋಡಲಿಲ್ಲ.

"ಸರಿ ಹೋಗ್ಲಿ ಬಿಡು," ಎಂದ ಜಿಗಣೆ. "ಕೆಮ್ಮಿಗೆ ಕಾರಣ ಸಿಕ್ತು. ಇವನು ಕದ್ದಿಲ್ಲ ಅಂತ ಏನೂ ಆಗ್ಲಿಲ್ವಲ್ಲ."

ಮೇಸ್ತ್ರಿ ಅವನ ಕೈಯಿಂದ ಮುಚ್ಚಳ ಕಿತ್ತುಕೊಂಡಳು. "ಕೆಮ್ಮು ನೋಡಿ ಕಳ್ಳ ಅಂದಿರಿ. ಈಗ ಕೆಮ್ಮು ಇವನದಲ್ಲ. ಸ್ಟ್ಯಾಂಡಿಗೆ ಫೋನ್ ಮಾಡಿ, ಇಲ್ಲೇ, ನನ್ನೆದುರಿಗೆ. ಬೀಗದಿಂದ ಕೆಟ್ಟಿತ್ತು, ಡ್ರೈವರಿಂದಲ್ಲ ಅನ್ನಿ. ಇಲ್ದಿದ್ರೆ ಈ ಮುಚ್ಚಳ ಗ್ಯಾರೇಜಿನ ಬಾಗಿಲಿಗೆ ನೇತು ಹಾಕ್ತೀನಿ. ಬಂದ ಒಬ್ಬೊಬ್ಬ ಡ್ರೈವರಿಗೂ ನಿಮ್ಮ ಹೆಸರು ಹೇಳಿ ಕತೆ ಹೇಳ್ತೀನಿ."

"ನಿನ್ನ ಹೆಸರೂ ಬರುತ್ತಲ್ಲ ಕತೇಲಿ."

"ಬರ್ಲಿ. ಮೊದಲು ನಂದೇ ಹೇಳ್ತೀನಿ."

ಜಿಗಣೆ ಅವಳನ್ನೂ ಏರಿನಲ್ಲಿ ನಿಂತ ಲೋಡನ್ನೂ ನೋಡಿದ. ಫೋನು ತೆಗೆದ. ಭೇದಿಗೆ ಔಷಧಿ ಕುಡಿದವನ ಮುಖ ಮಾಡಿಕೊಂಡು ನಾಲ್ಕು ಮಾತು ಆಡಿದ, ಅವಳು ಹೇಳಿಕೊಟ್ಟ ಅದೇ ನಾಲ್ಕು ಮಾತು. ಹೊಸ ಡ್ರೈವರು ಹೇಳದೆ ಕೇಳದೆ ಬೈಕು ಬಿಟ್ಟು ಇಳಿಜಾರಿನಲ್ಲಿ ನಡೆದುಬಿಟ್ಟ.

ಲಾರಿಯನ್ನು ಕೆಳಗೆ ತಂದ ಮೇಲೆ ಅವಳು ಮುಚ್ಚಳವನ್ನು ವೈಸಿಗೆ ಬಿಗಿದು, ತೂತು ಕೊರೆಯಲು ಡಬ್ಬಿಯಲ್ಲಿದ್ದ ಡ್ರಿಲ್ ಬಿಟ್ಟುಗಳಲ್ಲಿ ಒಂದನ್ನು ಹುಡುಕತೊಡಗಿದಳು. ತಮ್ಮ ಬಾಗಿಲಿಗೆ ಒರಗಿ ನಿಂತಿದ್ದ.

"ಈ ಬೆಸುಗೆ ನಿಂದು ಅಂತ ನಂಗೆ ಮೊದಲ ದಿನಾನೇ ಗೊತ್ತಿತ್ತು," ಎಂದ. "ನಿನ್ನ ಗೆರೆ ಗುರುತು ಹಿಡೀದೆ ಇರ್ತೀನಾ? ನೀನಾಗಿ ಹೇಳ್ತೀಯೇನೋ ಅಂತ ಕಾದೆ."

ಅವಳು ಬಿಟ್ಟುಗಳನ್ನು ತಿರುವಿ ಹಾಕಿದಳು.

"ಕಳ್ಳ ಅಂದ್ಕೊಂಡೇ ಮಾಡಿಕೊಟ್ಟೆ ಅಲ್ವಾ?"

ಇಲ್ಲ ಎನ್ನಬಹುದಿತ್ತು. ಜಿಗಣೆ ಹೇಳಿದ, ಮಾಡಿದೆ, ಹೊಟ್ಟೆಪಾಡು ಎನ್ನಬಹುದಿತ್ತು. ಇಂಜಿನ್ನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲದ ಬಾಯಿ ಅದು, ತಮ್ಮನಿಗೂ ಹೇಳಲಿಲ್ಲ.

"ಹೌದು."

ತಮ್ಮ ತಲೆಯಾಡಿಸಿದ. ಮುಂದೆ ಬಂದು, ಅವಳು ಆರಿಸಿ ಹಿಡಿದಿದ್ದ ಬಿಟ್ಟನ್ನು ಕೈಯಿಂದ ತೆಗೆದುಕೊಂಡು ಡಬ್ಬಿಗೆ ಹಾಕಿದ. ಡಬ್ಬಿಯಲ್ಲಿದ್ದ ಎಲ್ಲಕ್ಕಿಂತ ಸಣ್ಣ ಬಿಟ್ಟನ್ನು ಹೆಕ್ಕಿ ಅವಳ ಅಂಗೈಯಲ್ಲಿ ಇಟ್ಟ.

"ತೂತು ಸಣ್ಣದಿರ್ಲಿ ಅಕ್ಕ," ಎಂದ. "ದೊಡ್ಡದಾದ್ರೆ ನಾನು ಪೈಪು ಹಾಕಿ ಡೀಸೆಲ್ ಎಳ್ದೇನು."