ಮನೆಯವರೇ ತಾನೇ

ಕಾಗೆ ಕೂಡ ಕರೆದರೆ ಮಾತ್ರ ಊಟಕ್ಕೆ ಬರುತ್ತಿದ್ದ ಕಾಲದಲ್ಲಿ ಒಬ್ಬ ರಾಣಿಯಿದ್ದಳಂತೆ. ಅವಳನ್ನು ಉಣ್ಣುತ್ತಿದ್ದ ಎಲೆಯ ಮುಂದಿನಿಂದ ಎಬ್ಬಿಸಿದರಂತೆ. ರಾಣಿ ಅಳಲಿಲ್ಲ, ಶಾಪ ಹಾಕಲಿಲ್ಲ, ಅನ್ನ ಅಂಟಿದ ಕೈ ತೊಳೆದುಕೊಂಡು ಸುಮ್ಮನೆ ಹೊರಟುಹೋದಳಂತೆ. ಅಂದಿನಿಂದ ಅವಳ ಮೊಮ್ಮಗಳಿಗೆ ನಿದ್ದೆಯಿಲ್ಲ.

ರಾಣಿಯ ಹೆಸರು ಸೀತಾಲಕ್ಷ್ಮಿ. ಅರಮನೆ ಗೋಪಾಳ ಬಡಾವಣೆಯಲ್ಲಿ, ಇಸ್ತ್ರಿ ಅಂಗಡಿಯ ಮಹಡಿಯ ಮೇಲೆ. ನಿದ್ದೆಗೆಟ್ಟ ಮೊಮ್ಮಗಳು ಕವನಾ.

ಎಬ್ಬಿಸಿದವಳು ಅಜ್ಜಿಯ ಓರಗಿತ್ತಿ ಜಲಜಮ್ಮ. ಹೋದ ವರ್ಷ ಭದ್ರಾವತಿಯ ಛತ್ರದಲ್ಲಿ ಅವಳ ದೊಡ್ಡ ಮಗಳ ಮದುವೆ. ಅಜ್ಜಿ ಆಗಷ್ಟೇ ಸಾರಿಗೆ ಅನ್ನ ಕಲಸಿದ್ದಳು. ಬೀಗರಿಗೆ ಜಾಗ ಸಾಲಲಿಲ್ಲ. ಜಲಜಮ್ಮ ಬಂದವಳೇ ಎರಡು ಬೆರಳಿನಿಂದ ಭುಜ ತಟ್ಟಿ, "ಅಕ್ಕಾ, ನೀವು ಏಳಿ. ಆಮೇಲೆ ಕೂತ್ಕೊಂಡ್ರಾಯ್ತು. ಮನೆಯವರೇ ತಾನೇ!" ಅಂದಳು. ಇಡೀ ಪಂಕ್ತಿ ನೋಡುತ್ತಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಕವನಾ ಮಾತು ಕೊಟ್ಟಳು. "ಅಜ್ಜೀ, ಈ ಮಾತನ್ನ ಅವರಿಗೇ ವಾಪಸ್ ಬಡಿಸ್ತೀನಿ. ಎಲೆ ಮುಂದೇನೇ."

"ಬಡಿಸು ಮಾರಾಯ್ತಿ, ಉಪ್ಪಿನಕಾಯಿ ಪಕ್ಕದಲ್ಲಿ," ಅಂದು ಅಜ್ಜಿ ನಕ್ಕಿದ್ದಳು. ಆದರೆ ಆಮೇಲೆ ಯಾವ ಮದುವೆಗೆ ಹೋದರೂ ಅಕ್ಷತೆ ಹಾಕಿ ಉಪವಾಸವೇ ಮನೆಗೆ ಬರುತ್ತಿದ್ದಳು.

ಇವತ್ತು ಜಲಜಮ್ಮನ ಎರಡನೇ ಮಗಳ ಮದುವೆ. ಅದೇ ಛತ್ರ. ಕವನಾ ಆ ಮಾತನ್ನು ಕನ್ನಡಿಯ ಮುಂದೆ ಎಷ್ಟು ಸಲ ಆಡಿ ನೋಡಿದ್ದಳೋ! ಅಜ್ಜಿಯನ್ನು ಅಪ್ಪನ ಹಳೇ ಕಾರಿನಲ್ಲಿ ಕೂರಿಸಿಕೊಂಡು, ದಿಗ್ವಿಜಯಕ್ಕೆ ಹೊರಟವಳಂತೆ ಹೊರಟಳು. ಮಲವಗೊಪ್ಪ ದಾಟಿದ್ದೇ ತಡ, ಬಾನೆಟ್ಟಿನಿಂದ ಬುಸ್ಸೆಂದು ಹಬೆ ಎದ್ದಿತು. ಕಾರು ಎರಡು ಸಲ ಕೆಮ್ಮಿ ನಿಂತೇಬಿಟ್ಟಿತು. ಬಾಟಲಿಯಲ್ಲಿದ್ದ ನೀರು ಹುಯ್ದರೆ, ಹುಯ್ದಷ್ಟೂ ಕೆಳಗಿಂದ ಸೋರಿತು.

ಜಲಜಮ್ಮನ ತಮ್ಮ ಶಿವಪ್ರಸಾದನ ಕಾರು ಪಕ್ಕಕ್ಕೆ ಬಂತು. ಗಾಜು ಅರ್ಧ ಇಳಿಯಿತು. "ಅಯ್ಯೋ, ಸೀಟಿಲ್ವಲ್ಲ ಕವನಾ!" ಹಿಂದಿನ ಸೀಟಿನಲ್ಲಿ ಹಣ್ಣಿನ ಬುಟ್ಟಿಗಳು ಆರಾಮಾಗಿ ಕೂತಿದ್ದವು. ಗಾಜು ಏರಿತು, ಕಾರು ಹೋಯಿತು. ಕವನಾ ಆ ಬುಟ್ಟಿಗಳನ್ನೂ ಮನಸ್ಸಿನಲ್ಲಿ ಬರೆದಿಟ್ಟುಕೊಂಡಳು.

ಆಮೇಲೆ ನಿಂತದ್ದು ಬಾಳೆಎಲೆ ತುಂಬಿದ ಗೂಡ್ಸ್ ಆಟೋ. ಓಡಿಸುತ್ತಿದ್ದವನು ಚೌಡಪ್ಪ, ಪಕ್ಕದಲ್ಲಿ ಹೆಂಡತಿ ಲಿಂಗಮ್ಮ.

"ಏನಾಯ್ತವ್ವ? ಈ ಬಿಸಿಲಲ್ಲಿ ಅಜ್ಜೀನ ಒಣಗಾಕಿದೀಯಾ?" ಅಂದಳು ಲಿಂಗಮ್ಮ.

ನೆರವು ಕೇಳುವ ಮೊದಲೇ ಚೌಡಪ್ಪ ಕಾರನ್ನು ಪಂಕ್ಚರ್ ಅಂಗಡಿಯವರೆಗೆ ತಳ್ಳಿ, ಅಂಗಡಿಯವನಿಗೆ ಕೀಲಿ ಒಪ್ಪಿಸಿದ. ಅಷ್ಟರಲ್ಲಿ ಅವನ ಫೋನು ನಿಲ್ಲದೆ ಬಡಿದುಕೊಳ್ಳುತ್ತಿತ್ತು. "ಬಂದೆ ಅಮ್ಮಾ, ಬಂದೆ. ಎಲೆ ಎಲ್ಲೂ ಓಡಿಹೋಗಲ್ಲ," ಅಂದು ಇಟ್ಟ.

ಅಜ್ಜಿ ಮುಂದೆ ಕೂತಳು. ಕವನಾ ಮತ್ತು ಲಿಂಗಮ್ಮ ಹಿಂದೆ, ಎಲೆಯ ಕಟ್ಟುಗಳ ಮೇಲೆ. ಹಸಿರು ಪಲ್ಲಕ್ಕಿಯಂತೆ ತೂಗುತ್ತಾ ಕವನಾ ಎಲ್ಲವನ್ನೂ ಹೇಳಿಬಿಟ್ಟಳು.

"ಜಲಜಮ್ಮನಾ?" ಲಿಂಗಮ್ಮನ ಕಣ್ಣು ಮಿನುಗಿತು. "ಈ ಎಲೆ ಹೋಗ್ತಿರೋದು ಅವರ ಮದುವೆಗೇ ಕಣವ್ವ. ಎಲೆ ಇಲ್ದೆ ಯಾವ ಬೀಗರು ಉಣ್ತಾರೆ ನೋಡೋಣ."

ಛತ್ರದ ಬಾಗಿಲಲ್ಲಿ ಜಲಜಮ್ಮ ಕೆಂಡವಾಗಿದ್ದಳು. ಒಳಗೆ ಬೀಗರು ಬರೀ ಟೇಬಲ್ಲಿನ ಮುಂದೆ ಸಾಲಾಗಿ ನಿಂತಿದ್ದರು.

"ಎಷ್ಟೊತ್ತಯ್ಯಾ? ಎಲೆ ತರೋನಿಗೆ ಇಷ್ಟು ಕೊಬ್ಬಾ?"

ಚೌಡಪ್ಪ ಬೀಗರಿಗೂ ಕೇಳುವಂತೆ ದನಿ ಏರಿಸಿದ. "ನಿಮ್ಮ ಓರಗಿತ್ತಿ ರಸ್ತೇಲಿ ನಿಂತಿದ್ರು ತಾಯಿ. ನಿಮ್ಮ ತಮ್ಮನ ಕಾರಲ್ಲಿ ಹಣ್ಣಿಗೆ ಮಾತ್ರ ಜಾಗ ಇತ್ತಂತೆ. ಬಿಟ್ಟು ಬರಬೇಕಿತ್ತಾ?"

ಬೀಗರು ಮುಖ ಮುಖ ನೋಡಿಕೊಂಡರು. ಲಿಂಗಮ್ಮ ಕಟ್ಟಿನ ಮೇಲಿಂದ ಏಳಲೇ ಇಲ್ಲ. "ಮೊದಲನೇ ಎಲೆ ಅಜ್ಜಿಗೆ. ಹ್ಞೂಂ ಅನ್ನಿ, ಕಟ್ಟು ಬಿಚ್ತೀನಿ."

ಜಲಜಮ್ಮ ಹಲ್ಲು ಕಚ್ಚಿಕೊಂಡೇ ನಕ್ಕಳು. "ಅಕ್ಕನಿಗಲ್ದೆ ಇನ್ಯಾರಿಗೆ? ಬನ್ನಿ ಅಕ್ಕಾ."

ಅಜ್ಜಿ ಮೊದಲ ಎಲೆಯ ಮುಂದೆ ಕೂತಳು. ಪಕ್ಕದ ಕುರ್ಚಿ ತಟ್ಟಿ, "ಲಿಂಗಮ್ಮಾ, ಇಲ್ಲಿ ಬಾ," ಅಂದಳು. ಅಡಿಗೆಯವರು ಜಲಜಮ್ಮನ ಮುಖ ನೋಡಿದರು. ಜಲಜಮ್ಮ ಬೀಗರ ಮುಖ ನೋಡಿದಳು. ಲಿಂಗಮ್ಮ ಸೆರಗು ಸರಿಮಾಡಿಕೊಂಡು ಕೂತಳು. ಮರ್ಯಾದೆ ಉಳಿಸಿಕೊಳ್ಳಲು ಜಲಜಮ್ಮ, "ಅಕ್ಕನ ಜೊತೆ ನಾನೂ ಎರಡು ತುತ್ತು ಉಣ್ತೀನಿ," ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಮೂರನೇ ಎಲೆಯ ಮುಂದೆ ಕೂತೇಬಿಟ್ಟಳು. ಉಳಿದ ಎಲೆಗಳ ಮುಂದೆ ಬೀಗರು ಕೂತು ಪಂಕ್ತಿ ತುಂಬಿತು. ಸಾರು ಬಂತು. ಅವಳು ಅನ್ನ ಕಲಸಿದಳು.

ಕವನಾ ಕಾಯುತ್ತಿದ್ದದ್ದು ಅದಕ್ಕೇ. ಹಿಂದಿನಿಂದ ಹೋಗಿ ಎರಡು ಬೆರಳಿನಿಂದ ಭುಜ ತಟ್ಟಿದಳು.

"ಚಿಕ್ಕಜ್ಜೀ, ನೀವು ಏಳಿ. ಚೌಡಪ್ಪನವರಿಗೆ ಜಾಗ ಇಲ್ಲ. ಆಮೇಲೆ ಕೂತ್ಕೊಂಡ್ರಾಯ್ತು. ಮನೆಯವರೇ ತಾನೇ!"

ಇಡೀ ಪಂಕ್ತಿ ನೋಡುತ್ತಿತ್ತು. ಹೋದ ಸಲ ಅಜ್ಜಿಯ ಜಾಗದಲ್ಲಿ ಕೂತು ಉಂಡಿದ್ದ ದೊಡ್ಡ ಮಗಳ ಕಡೆಯ ಬೀಗಿತ್ತಿ ತಲೆ ತಗ್ಗಿಸಿದಳು. ಜಲಜಮ್ಮ ಅನ್ನ ಅಂಟಿದ ಕೈ ಹಿಡಿದುಕೊಂಡು ಎದ್ದಳು.

"ಬೇಡವ್ವ, ನಾನು ಆಮೇಲೆ..." ಅಂದ ಚೌಡಪ್ಪ.

"ಕೂತ್ಕೊಳ್ಳಿ," ಅಂದಳು ಕವನಾ. ಎಂಜಲೆಲೆ ತೆಗೆದು, ಹೊಸ ಎಲೆಯನ್ನು ತಾನೇ ಹಾಸಿ ನೀರು ಚಿಮುಕಿಸಿದಳು.

ಅಜ್ಜಿ ತಲೆ ಎತ್ತಿದಳು. "ಜಲಜಾ, ಹೇಗೂ ಎದ್ದಿದೀಯಲ್ಲ, ಕೈ ತೊಳ್ಕೊಂಡು ಪಾಯಸ ತಗೊಂಡು ಬಾ. ಮೊದಲು ಇವರಿಬ್ಬರಿಗೆ ಹಾಕು."

ಜಲಜಮ್ಮ ತಂದಳು, ಬಡಿಸಿದಳು. ಅಜ್ಜಿಗೆ ಎಲ್ಲಿಲ್ಲದ ಹಸಿವು. ಸಾರಿನ ಅನ್ನ, ಹುಳಿಯ ಅನ್ನ, ಎರಡನೇ ಸಲ ಪಾಯಸ, ಕೊನೆಗೆ ಮಜ್ಜಿಗೆ, ಯಾವುದಕ್ಕೂ ಅವಸರವಿಲ್ಲ. ಎರಡನೇ ಪಂಕ್ತಿಯವರು ಕಾಯುತ್ತಿದ್ದರು, ಜಲಜಮ್ಮ ಬಕೆಟ್ಟು ಹಿಡಿದು ನಿಂತಿದ್ದಳು. ಕೊನೆಯ ಅಗುಳನ್ನೂ ಬಳಿದು ಉಂಡ ಮೇಲೆ ಅಜ್ಜಿ ಮೊಮ್ಮಗಳ ಕಡೆ ನೋಡಿ, ತನ್ನ ಕೈಯಾರೆ ಎಲೆ ಮಡಚಿದಳು.