ಸೆರಗಿನ ಗಂಟು

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತಾರೆ. ಆ ಮಾತು ಕಟ್ಟಿದವನು ಗಂಡಸೇ ಇರಬೇಕು. ಭವಾನಿಪುರದ ಆ ಗಲ್ಲಿಯ ಗಂಡಸರಿಗೂ ಚಿಂತೆಗಳೇನು ಕಡಿಮೆ ಇರಲಿಲ್ಲ. ಆದರೂ ಮಧ್ಯಾಹ್ನದ ಅನ್ನ ಒಳಗಿಳಿದದ್ದೇ ತಡ, ಮಿಠಾಯಿ ಅಂಗಡಿಯ ಹರಿಪದ ಜಗಲಿಯ ಮೇಲೆ ಹೊಟ್ಟೆ ಬಿಟ್ಟುಕೊಂಡು, ಕೈಗಾಡಿಯವನು ಗಾಡಿಯ ಮೇಲೆಯೇ ಕಾಲು ಚೆಲ್ಲಿ, ಲುಂಗಿ ಮಂಡಿ ದಾಟಿದ್ದೂ ತಿಳಿಯದೆ ಗೊರಕೆ ಹೊಡೆಯುತ್ತಿದ್ದರು.

ಶೆಫಾಲಿ ಮಾತ್ರ ಗೋಡೆಗೆ ಬೆನ್ನು ಕೊಟ್ಟು ನೆಟ್ಟಗೆ ಕೂತಿರುತ್ತಿದ್ದಳು. ನಸುಕಿಗೆ ಮುಂಚೆ ಎದ್ದು, ಕ್ಯಾನಿಂಗ್ ಊರಿನ ಕಡೆಯಿಂದ ಬರುವ ಲೋಕಲ್ ರೈಲಿನಲ್ಲಿ ನಿಂತೇ ಬಂದು, ಬೆಳಗಿನ ಮನೆಗಳ ಪಾತ್ರೆ ತೊಳೆದವಳು. ಸಂಜೆಯ ಮನೆ ಬಾಗಿಲು ತೆರೆಯುವವರೆಗೆ ಅವಳಿಗೆ ಹೋಗಲು ಜಾಗವಿಲ್ಲ. ಬುಲು ಇದ್ದಾಗ ಹೀಗಿರಲಿಲ್ಲ. ರೈಲಿನ ಹೆಂಗಸರ ಪದ್ಧತಿಯಂತೆ ಗೆಳತಿಯರಿಬ್ಬರೂ ಸೆರಗಿಗೆ ಸೆರಗು ಗಂಟು ಹಾಕಿಕೊಳ್ಳುತ್ತಿದ್ದರು. ಒಬ್ಬಳು ಮಲಗಿದರೆ ಇನ್ನೊಬ್ಬಳು ಕಾವಲು. ಯಾರಾದರೂ ಸುಳಿದರೆ ಗಂಟು ಜಗ್ಗಿದರಾಯಿತು. ಬುಲು ಕಾಮಾಲೆಯಲ್ಲಿ ಸತ್ತಮೇಲೆ ಶೆಫಾಲಿ ಹಗಲು ಕಣ್ಣು ಮುಚ್ಚಿರಲಿಲ್ಲ. ಮೊನ್ನೆ ತೂಕಡಿಸಿ ಗಾಜಿನ ಬಟ್ಟಲು ಒಡೆದಾಗ ಸಂಜೆಯ ಮನೆಯಾಕೆ, "ಇನ್ನೊಂದು ಒಡೀಲಿ, ಆಮೇಲೆ ನೀನು ಬರೋದೇ ಬೇಡ" ಎಂದಿದ್ದಳು.

ಆ ದಿನಗಳಲ್ಲೇ ಪೌಲಮಿ ಗಲ್ಲಿಗೆ ಬಂದಳು. ಮಲಗಿದ ಗಂಡಸರ ಫೋಟೊ ತೆಗೆಯುವ ಹುಡುಗಿ.

"ಇವರ ಗೊರಕೇನೂ ಫೋಟೊದಲ್ಲಿ ಬರತ್ತಾ ದೀದಿ?" ಶೆಫಾಲಿ ಕೆಣಕಿದಳು.

"ಬಂದಿದ್ರೆ ನನ್ನ ಪ್ರದರ್ಶನಕ್ಕೆ ಯಾರೂ ಕಾಲಿಡ್ತಿರ್ಲಿಲ್ಲ ಮಾಸಿ. ಊರೆಲ್ಲ ಸುತ್ತಿದೆ, ಹೀಗೆ ಮಲಗಿರೋ ಒಬ್ಬ ಹೆಂಗಸೂ ಸಿಗ್ಲಿಲ್ಲ. ನೀನ್ಯಾಕೆ ಮಲಗಲ್ಲ?"

"ಕಾಯೋಕೆ ಯಾರಿದಾರೆ? ಈ ಹರಿಪದನಾ? ಅವನ ಲುಂಗಿ ಕಾಯೋಕೇ ಇನ್ನೊಬ್ಬ ಬೇಕು."

"ನಾನು ಕಾಯ್ತೀನಿ. ಒಂದು ಫೋಟೊ ತಗೋತೀನಿ, ಅಷ್ಟೆ."

ಪೌಲಮಿ ಪ್ಯಾಂಟು ತೊಟ್ಟವಳು, ಸೆರಗೆಲ್ಲಿಂದ ಬರಬೇಕು? ಶೆಫಾಲಿ ತನ್ನ ಸೆರಗನ್ನು ಅವಳ ಹೆಗಲಿನ ಕ್ಯಾಮೆರಾ ಚೀಲದ ಪಟ್ಟಿಗೆ ಗಂಟು ಹಾಕಿದಳು.

"ಯಾರಾದ್ರೂ ಹತ್ರ ಬಂದ್ರೆ ಜಗ್ಗಿ ದೀದಿ. ಮರೀಬೇಡಿ."

"ಕಾಳಿಯಾಣೆ ಮಾಸಿ. ಮಲಕ್ಕೋ."

ಬಾವಿಗೆ ಬಿದ್ದ ಕೊಡದಂತೆ ಶೆಫಾಲಿ ನಿದ್ದೆಗೆ ಮುಳುಗಿದಳು. ಎಚ್ಚರವಾದದ್ದು ಒಂದು ಕೂಗಿಗೆ. ಸೀರೆ ಮಂಡಿಯವರೆಗೆ ಸರಿದಿತ್ತು. ಚೌಕಳಿ ಅಂಗಿಯವನೊಬ್ಬ ಗಲ್ಲಿಯ ತಿರುವಿನಲ್ಲಿ ಓಡಿ ಮರೆಯಾದ. ಗಂಟು ಬಿಚ್ಚಿದ ಸೆರಗು ನೆಲದ ಮೇಲೆ ಒಂಟಿಯಾಗಿ ಬಿದ್ದಿತ್ತು. ಪೌಲಮಿ ಎದುರುಬದಿಯಿಂದ ಓಡಿ ಬರುತ್ತಿದ್ದಳು.

"ಏನೂ ಆಗಿಲ್ಲ ಮಾಸಿ! ನೋಡಿದ ಕೂಡ್ಲೇ ಕೂಗಿದೆ. ಫೋಟೊದಲ್ಲಿ ಇಡೀ ಜಗಲಿ ಬರ್ಲಿ ಅಂತ ಗಂಟು ಬಿಚ್ಚಿ ಒಂಚೂರು ಆಚೆ ಹೋಗಿದ್ದೆ."

ಹರಿಪದ ಕಣ್ಣುಜ್ಜಿಕೊಂಡು ಎದ್ದ. "ಹೆಂಗಸು ಬೀದೀಲಿ ಮಲಗಿದ್ರೆ ಇನ್ನೇನಾಗತ್ತೆ?" ಎಂದು, ಅದೇ ಬೀದಿಯಲ್ಲಿ ಮಗ್ಗುಲು ಬದಲಿಸಿ ಮಲಗಿದ. ಅವನ ಬಾಯಿಗಿಷ್ಟು ಮಣ್ಣು ಹಾಕ!

ಶೆಫಾಲಿ ಸೀರೆ ಕೆಳಗೆಳೆದುಕೊಂಡು ಹುಡುಗಿಯ ಮಾತು ನಂಬಿದಳು. ಕೂಗಿದಳಲ್ಲ, ಅಷ್ಟೇ ಸಾಕು.

ಮುಂದಿನ ವಾರ ಪೌಲಮಿ ಫೋಟೊಗಳನ್ನು ತಂದಳು. ಮೊದಲನೆಯದರಲ್ಲಿ ಒಬ್ಬ ಹೆಂಗಸು ತುಟಿ ತುಸು ತೆರೆದು ಮಲಗಿದ್ದಳು. ಮುಖದಲ್ಲಿ ಹೆದರಿಕೆಯೇ ಇಲ್ಲ. ಅದು ತಾನೇ ಎಂದು ತಿಳಿದಾಗ ಶೆಫಾಲಿಗೆ ಹಿಗ್ಗಾಯಿತು. ಎರಡನೆಯದರಲ್ಲಿ ಅವಳ ಕಾಲ ಬಳಿ ಚೌಕಳಿ ಅಂಗಿ ನಿಂತಿತ್ತು. ಮೂರನೆಯದರಲ್ಲಿ ಅವನು ಬಗ್ಗಿದ್ದ. ನಾಲ್ಕನೆಯದರಲ್ಲಿ ಸೀರೆಯ ಅಂಚು ಅವನ ಬೆರಳಲ್ಲಿತ್ತು.

"ನೀನು ಹೂಂ ಅಂದ್ರೆ ಮಾತ್ರ ಪ್ರದರ್ಶನಕ್ಕೆ ಹಾಕೋದು ಮಾಸಿ," ಪೌಲಮಿ ಸಣ್ಣ ದನಿಯಲ್ಲಿ ಹೇಳಿದಳು. "ಇದನ್ನ ನೋಡಿದ್ರೆ ಜನಕ್ಕೆ ಎಲ್ಲ ಅರ್ಥ ಆಗತ್ತೆ."

"ಅವನು ಬಂದಿದ್ದು ನೋಡಿದ್ರಿ. ಬಗ್ಗಿದ್ದೂ ನೋಡಿದ್ರಿ."

ಪೌಲಮಿ ತಲೆ ತಗ್ಗಿಸಿದಳು. "ಕೈ ತಾನಾಗೇ ಒತ್ತಿಬಿಡ್ತು ಮಾಸಿ."

"ಬುಲು ಆಗಿದ್ರೆ ಅವಳ ಕೈ ತಾನಾಗೇ ಜಗ್ಗಿರೋದು."

ಶೆಫಾಲಿ ಎಲ್ಲ ಫೋಟೊಗಳನ್ನೂ ಹಿಂದಕ್ಕೆ ಕೊಟ್ಟಳು, ಹಿಗ್ಗು ತಂದ ಮೊದಲನೆಯದನ್ನೂ. ಮತ್ತೆ ಗೋಡೆಗೆ ಬೆನ್ನು ಕೊಟ್ಟು ನೆಟ್ಟಗೆ ಕೂತಳು. ಪಕ್ಕದ ಜಗಲಿಯಲ್ಲಿ ಹರಿಪದನ ಗೊರಕೆ ಶುರುವಾಗಿತ್ತು.

ಸಂಜೆಯ ಮನೆಯಲ್ಲಿ ಎರಡನೆಯ ಬಟ್ಟಲು ಒಡೆಯಿತು.